ಹುರುಳಿ ಹಾಸಿದ ರಸ್ತೆಗೊಂದು ಸೈಕಲ್

ಒಂದು ಸೈಕಲ್ ಕೊಳ್ಳುವುದಕ್ಕೆ ಮೂರು ತಿಂಗಳು ಸೈಕಲ್ಲುಗಳ ಬಗ್ಗೆ ಓದಿದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಓದುತ್ತಿರುವಷ್ಟು ದಿನ ತುಳಿಯಬೇಕಾಗಿರಲಿಲ್ಲವಲ್ಲ, ಅದೇ ಅದರ ಸುಖ.

ಸಕ್ಕರೆ ಕಾಯಿಲೆ ಶುರುವಾಗಿದೆ, ದಿನಾ ಮೈ ಬೆವರಬೇಕು ಎಂದು ಡಾಕ್ಟರು ಹೇಳಿದ್ದರು. ನಮ್ಮಪ್ಪನನ್ನು ತಿಂದದ್ದೂ ಇದೇ ಕಾಯಿಲೆ. ನನಗೆ ಭಯವಿತ್ತು. ಭಯವಾದಾಗಲೆಲ್ಲ ನಾನು ಏನಾದರೂ ಕೊಳ್ಳುತ್ತೇನೆ. ಹಾಗೆ ಕೊಂಡ ವಾಕಿಂಗ್ ಶೂ ಈಗ ನನ್ನ ಹೆಂಡತಿ ಗಿರಿಜೆಯ ತಮ್ಮನ ಕಾಲಲ್ಲಿದೆ. ಯೋಗದ ಚಾಪೆಯ ಮೇಲೆ ಹಪ್ಪಳ ಒಣಗುತ್ತದೆ. ಸೈಕಲ್ ಎಂದಾಗ ಗಿರಿಜೆ ಬೈಯಲಿಲ್ಲ. "ಇದೂ ಮೂಲೆ ಸೇರಿದ್ರೆ ಇನ್ನು ನಿಮ್ಮ ಸಕ್ಕರೆ ವಿಚಾರಾನೇ ನಾನು ಎತ್ತಲ್ಲ ಕಣ್ರೀ" ಎಂದಳು. ಬೈದಿದ್ದರೆ ವಾಸಿಯಿತ್ತು.

ಮನೆ ಹುಣಸೂರು, ಮೇಷ್ಟ್ರ ಕೆಲಸ ಗುರುಪುರದ ಆಚೆ. ದಾರಿ ಮುಕ್ಕಾಲು ಪಾಲು ಟಾರು, ಕೊನೆಯಲ್ಲಿ ಒಂದಿಷ್ಟು ಮಣ್ಣು. ಕೈಯಲ್ಲಿದ್ದದ್ದು ಹದಿನೈದು ಸಾವಿರ. ಅಷ್ಟರಲ್ಲೇ ಅದು ಟಾರಿನ ಮೇಲೆ ಹಾರಬೇಕು, ಮಣ್ಣಿನಲ್ಲಿ ಹೂತುಕೊಳ್ಳಬಾರದು, ಸಂತೆಗೂ ಆಗಬೇಕು. ಹೀಗೆ ಎಲ್ಲಕ್ಕೂ ಆಗಿಬರುವ ವಸ್ತು ನಮ್ಮ ಸೀಮೆಯಲ್ಲಿ ಒಂದೇ, ಹೆಗಲ ಮೇಲಿನ ಟವೆಲ್ಲು. ಬೆವರೊರೆಸಲು, ತಲೆಗೆ ಸುತ್ತಲು, ಸೊಪ್ಪು ಕಟ್ಟಿಕೊಳ್ಳಲು, ತುಂಬಿದ ಬಸ್ಸಿನ ಕಿಟಕಿಯಿಂದ ಎಸೆದು ಸೀಟು ಹಿಡಿಯಲು ಅದೇ ಸಾಕು. ಅಂಥ ಸೈಕಲ್ಲನ್ನು ಯಾರೂ ಇನ್ನೂ ಮಾಡಿದಂತಿಲ್ಲ.

ಹಿಂದೆ ಕುದುರೆಯ ಲಕ್ಷಣ ಹೇಳುವುದಕ್ಕೇ ಶಾಸ್ತ್ರಗಳಿದ್ದವಂತೆ. ನಮ್ಮ ರೈತರು ಈಗಲೂ ಎತ್ತು ಕೊಳ್ಳುವಾಗ ಸುಳಿ ನೋಡಿ, ಹಲ್ಲು ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ನಾನು ಗೇರು ಎಣಿಸಿದೆ, ಬಣ್ಣ ನೋಡಿದೆ. ನಡೆಸಿ ಮಾತ್ರ ನೋಡಲಿಲ್ಲ.

"ಓಡಾಟ ಹೆಚ್ಚಾಗಿ ರೋಡಲ್ಲೇ" ಎಂದು ಸೈಕಲ್ ಶಾಪಿನ ನಂಜುಂಡಣ್ಣನವರಿಗೆ ಹೇಳಿದೆ.

"ಯಾವ ರೋಡು, ಯಾವ ತಿಂಗ್ಳು, ಅದೇಳಿ ಮೇಷ್ಟ್ರೇ. ಸುಮ್ಕೆ ಅಗಲದ ಟೈರಿಂದು ತಕ್ಕಳಿ" ಎಂದರು.

ರಸ್ತೆಗೂ ತಿಂಗಳಿಗೂ ಎಲ್ಲಿಯ ಸಂಬಂಧ ಎಂದು ನಕ್ಕು, ಸಣ್ಣ ಟೈರಿನ ಹಗುರ ಸೈಕಲ್ಲನ್ನೇ ತಂದೆ.

ಸಂಬಂಧ ತಿಳಿದದ್ದು ನಾಲ್ಕನೆಯ ಬೆಳಿಗ್ಗೆ. ಸುಗ್ಗಿಯ ಕಾಲ. ನಮ್ಮಲ್ಲಿ ಈಗ ಕಣ ಮಾಡುವವರು ಕಡಿಮೆ; ಕಿತ್ತ ಹುರುಳಿಯನ್ನು ಟಾರು ರಸ್ತೆಗೇ ಹಾಸುತ್ತಾರೆ, ಬಸ್ಸು ಲಾರಿಗಳು ಓಡಾಡಿ ಕಾಳು ಬಿಡಿಸಿಕೊಡುತ್ತವೆ. ವರ್ಷಗಟ್ಟಲೆ ಬಸ್ಸಿನಲ್ಲಿ ಕುಳಿತು ಅದರ ಮೇಲೇ ಹೋಗಿಬಂದವನಿಗೆ ಸೈಕಲ್ ಆರಿಸುವಾಗ ಅದು ನೆನಪಾಗಬಾರದೆ? ಟೈರು ಜಾರಿತು, ಬಳ್ಳಿ ಗೇರಿಗೆ ಸುತ್ತಿಕೊಂಡಿತು, ನಾನು ಮೆತ್ತಗೆ ಹುರುಳಿಯ ಮೇಲೆ ಮಲಗಿದೆ.

ಹುರುಳಿಯ ಒಡತಿ ಲಕ್ಕಮ್ಮ ಓಡಿಬಂದರು. ನಮ್ಮ ಶಾಲೆಯ ಊರಿನವರೇ. "ಏಟಾಯ್ತಾ ಮೇಷ್ಟ್ರೇ?" ಇಲ್ಲವೆಂದೆ. "ಲಾರಿ ಅರೀಲಿ ಅಂತ ಆಕಿದ್ದು ಕಣ್ರೀ, ನೀವು ಬಿದ್ದು ಒಳ್ಳಾಡ್ಲಿ ಅಂತಲ್ಲ" ಎನ್ನುತ್ತ ಕುಡುಗೋಲಿನಿಂದ ಬಳ್ಳಿ ಬಿಡಿಸಿಕೊಟ್ಟರು.

ನಿಜ ಹೇಳಿಬಿಡುತ್ತೇನೆ. ಪ್ಯಾಂಟು ಕೊಡವಿಕೊಳ್ಳುವಾಗ ನನಗಾದದ್ದು ನೋವಲ್ಲ, ನೆಮ್ಮದಿ. ಗಿರಿಜೆಯೂ ಒಪ್ಪುವಂಥ ನೆಪ ಸಿಕ್ಕಿತ್ತು. "ಸುಗ್ಗಿ ಮುಗಿಯೋವರ್ಗೂ ಬಸ್ಸಲ್ಲೇ ಬರ್ತೀನಿ ಬುಡಮ್ಮ" ಎಂದು ಲಕ್ಕಮ್ಮನ ಮುಂದೆಯೇ ಅದನ್ನು ಒಮ್ಮೆ ಆಡಿನೋಡಿದೆ.

"ಯಾಕೆ? ಅಂಚಲ್ಲಿ ಒಂದ್ ಮೊಳ ದಾರಿ ಬುಟ್ಟಿರ್ತೀನಿ, ಬನ್ನಿ" ಎಂದು ಅವರು ಕೆಲಸಕ್ಕೆ ಹೋದರು.

ಮರುದಿನ ಬೆಳಿಗ್ಗೆ ಕಂಬಳಿಯೊಳಗೆ ಮಲಗಿ ಆ ಒಂದು ಮೊಳದ ಬಗ್ಗೆಯೇ ಯೋಚಿಸಿದೆ. ನಾನು ಹೋಗದಿದ್ದರೆ ಅವರು ಬಿಟ್ಟ ಜಾಗ ಬರಿದೇ ಹೋಗುತ್ತದೆ. ಡಾಕ್ಟರ ಮಾತಿಗೂ ಜಗ್ಗದ ದೇಹ ಇದಕ್ಕೆ ಎದ್ದು ಕೂತಿತು. ಹೋಗಿ ನೋಡಿದರೆ ದಾರಿ ಇತ್ತು. ಪೊರಕೆಯಲ್ಲಿ ಗುಡಿಸಿಯೂ ಇಟ್ಟಿದ್ದರು.

ಸುಗ್ಗಿ ಮುಗಿದು ಎರಡು ತಿಂಗಳಾಗಿದೆ. ಸೈಕಲ್ ಇನ್ನೂ ಓಡುತ್ತಿದೆ, ಗಿರಿಜೆ ದಿನಾ ಸಕ್ಕರೆಯ ವಿಚಾರ ಎತ್ತುತ್ತಾಳೆ. ಯಾವುದನ್ನು ಕೊಳ್ಳಲಿ ಎಂದು ಕೇಳಿದವರಿಗೆಲ್ಲ ಅಗಲದ ಟೈರಿನದು ಎನ್ನುತ್ತೇನೆ. ಆದರೆ ನನ್ನಿಂದ ಸೈಕಲ್ ತುಳಿಸುತ್ತಿರುವುದು ಟೈರಲ್ಲ. ಮೊನ್ನೆ ನೆಗಡಿಯೆಂದು ಒಂದು ದಿನ ತಪ್ಪಿಸಿದೆ. ಮರುದಿನ ಲಕ್ಕಮ್ಮ ರಸ್ತೆ ಪಕ್ಕದ ಹೊಲದಲ್ಲಿ ಬಗ್ಗಿದವರು ತಲೆ ಎತ್ತದೆಯೇ ಕೇಳಿದರು: "ನೆನ್ನೆ ಯಾಕೆ ಬರ್ನಿಲ್ಲ?"

ಸೈಕಲ್ಲಿನಿಂದ ಇಳಿದು, ಮಕ್ಕಳು ನನ್ನ ಮುಂದೆ ನಿಲ್ಲುವ ಹಾಗೆಯೇ ನಿಂತು, ನೆಗಡಿಯ ಕಥೆಯನ್ನು ಪೂರ್ತಿ ಒಪ್ಪಿಸಿದೆ.