ಹಾಡುವವ ಹೋದ ಮೇಲೆ ಬ್ಯಾಂಡು ಯಾರದು?

ಹೋದ ತಿಂಗಳು ಒಂದು ಬೆಳಿಗ್ಗೆ ನನ್ನ ಮೈದುನ ಸುಧಾಕರ ತಟ್ಟೆಯಲ್ಲಿ ಎರಡು ನೀರುದೋಸೆ ಬಿಟ್ಟು ಎದ್ದುಹೋದ.

ನೀರುದೋಸೆ ಬಿಟ್ಟು ಏಳುವ ಜನ ಅಲ್ಲ ಅವನು. ಜ್ವರದಲ್ಲೂ ಆರು ತಿಂದವನು. ಚಟ್ನಿಗೆ ಉಪ್ಪು ಹೆಚ್ಚಾಯಿತೋ ಎಂದು ನೆಕ್ಕಿ ನೋಡಿದೆ. ಸರಿಯಾಗಿಯೇ ಇತ್ತು. ಹಾಗಾದರೆ ಕಾರಣ? ಕಾರಣ ವಿಲಾಯತಿಯ ಒಬ್ಬ ಹಾಡುಗಾರ. ಅವನೂ ಸತ್ತು ಕೆಲವು ವರ್ಷವಾಗಿದೆ.

ಸುಧಾಕರನಿಗೆ ಕಡಬ ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ. ಎದುರು ಕುಳಿತು ದೋಸೆ ತಿನ್ನುತ್ತಿದ್ದವನು ಅವನ ಸ್ನೇಹಿತ ಜೋಯ್. ಇಚಿಲಂಪಾಡಿಯ ರಬ್ಬರ್ ತೋಟದ ಹುಡುಗ, ಅವರ ಇಗರ್ಜಿಯಲ್ಲಿ ಗಿಟಾರ್ ನುಡಿಸುತ್ತಾನೆ. ಇಗರ್ಜಿಯ ಕೆಟ್ಟ ಆಂಪ್ಲಿಫೈಯರ್ ಹೊತ್ತು ಅಂಗಡಿಗೆ ಬಂದ ದಿನದಿಂದ ಇಬ್ಬರಿಗೂ ಸ್ನೇಹ. ಜೋಯ್‌ನ ಅಣ್ಣ ಮಸ್ಕತ್‌ನಿಂದ ಕ್ಯಾಸೆಟ್ ಕಳುಹಿಸುತ್ತಾನೆ. ಆ ಕ್ಯಾಸೆಟ್‌ಗಳೆಲ್ಲ ಕೊನೆಗೆ ಬಂದು ಸೇರುವುದು ನಮ್ಮ ಜಗಲಿಗೆ. ಕೇಳುವುದು ಅವರಿಬ್ಬರು. ಕೇಳಿಸಿಕೊಳ್ಳುವುದು ನಾನು.

ಹಾರ್ಡ್ ರಾಕ್ ಅಂತೆ. ಅಟ್ಟದಿಂದ ಪಾತ್ರೆಗಳೆಲ್ಲ ಒಟ್ಟಿಗೆ ಉರುಳಿದರೆ, ಅದಕ್ಕೆ ಒಬ್ಬ ತಾಳ ಹಾಕಿದರೆ ಹೇಗೆ? ಹಾಗೆ. (ತಾಳ ಮಾತ್ರ ತಪ್ಪುವುದಿಲ್ಲ. ಅಷ್ಟನ್ನು ಒಪ್ಪಿಕೊಳ್ಳಬೇಕು.)

ಬ್ಯಾಂಡಿನ ಹೆಸರು ಇಲ್ಲಿ ಬೇಡ. ಬರೆದರೆ ನಿಮ್ಮ ಮನೆಯಲ್ಲೂ ಯಾರಾದರೂ ದೋಸೆ ಬಿಟ್ಟು ಎದ್ದಾರು. ನನಗೆ ತಿಳಿದಷ್ಟು ಹೇಳುತ್ತೇನೆ. ನಾಲ್ಕು ಜನ ಸೇರಿ ಕಟ್ಟಿದ ಬ್ಯಾಂಡು. ಊರೂರು ತಿರುಗಿ ಹೆಸರು ಮಾಡಿದರು. ಹಾಡುವವ ಸಣ್ಣ ಪ್ರಾಯದಲ್ಲೇ ತೀರಿಹೋದ. ಉಳಿದ ಮೂವರು ಇನ್ನೊಬ್ಬನನ್ನು ತಂದು ನಿಲ್ಲಿಸಿ, ಅದೇ ಹೆಸರಿನಲ್ಲಿ ಮತ್ತೆ ರೆಕಾರ್ಡ್ ಬಿಟ್ಟರು. ಜಗಳ ಇಷ್ಟಕ್ಕೇ.

“ಅವ ಹೋದ ಮೇಲೆ ಅದು ಬ್ಯಾಂಡೇ ಅಲ್ಲ ಮಾರಾಯ. ಅದೇ ಬೋರ್ಡು ಹಾಕಿದ ಬೇರೆ ಅಂಗಡಿ” ಎಂದಿದ್ದ ಸುಧಾಕರ.

“ನಿನ್ನ ಅಪ್ಪ ವಾಚ್ ರಿಪೇರಿ ಮಾಡ್ತಿದ್ದ ಅಂಗಡಿಯಲ್ಲಿ ಈಗ ನೀನು ರೇಡಿಯೋ ಬಿಚ್ಚಿಕೊಂಡು ಕೂತಿದ್ದಿಯಲ್ಲ, ಅದು ಯಾರ ಅಂಗಡಿ?” ಎಂದು ಕೇಳಿದ ಜೋಯ್.

ದೋಸೆ ಬಿಟ್ಟು ಎದ್ದದ್ದು ಆಗ.

ಸಂಜೆಗೆ ಮತ್ತೆ ಇಬ್ಬರೂ ಒಂದೇ ಬೆಂಚಿನ ಮೇಲೆ. ಅಂತಹವರು. ಆದರೆ ವಾದ ಮಾತ್ರ ನಿಲ್ಲಲಿಲ್ಲ. ದಿನಕ್ಕೊಂದು ಹೊಸ ಪಾಯಿಂಟ್. ಮೊದಲಿನವನ ಸ್ವರದಲ್ಲಿ ಒಂದು ನಗು ಇತ್ತು, ಇವನದ್ದು ಬರೀ ಕಿರುಚಾಟ ಎಂದು ಸುಧಾಕರ. ಕಿರುಚಾಟವಾದರೂ ಶ್ರುತಿಯಲ್ಲಿ ಉಂಟು ಎಂದು ಜೋಯ್. ಹಳೆಯ ನಾಲ್ಕು ರೆಕಾರ್ಡ್ ಇಪ್ಪತ್ತು ವರ್ಷ ಬಿಟ್ಟೂ ಜನ ಕೇಳುತ್ತಾರೆ, ಹೊಸತನ್ನು ಮುಂದಿನ ವರ್ಷವೇ ಯಾರೂ ಮೂಸುವುದಿಲ್ಲ ಎಂದು ಇವನು. ಹೊಸತೇ ಹೆಚ್ಚು ಮಾರಿಹೋಯಿತೆಂದು ಪೇಪರಿನಲ್ಲಿ ಬಂದಿದೆ ಎಂದು ಅವನು.

ಒಂದು ಮಾತು ಮಾತ್ರ ಯಾಕೋ ನನ್ನ ಕಿವಿಯಲ್ಲಿ ಉಳಿಯಿತು. “ಮೊದಲಿನವ ಬಾಯಿ ತೆಗೆದ್ರೆ ಬೇರೆ ಯಾರೂ ಕಿವಿಗೆ ಬೀಳುದಿಲ್ಲ. ಇವ ಬಂದ ಮೇಲೆಯೇ ಮಾರಾಯ, ಹಿಂದೆ ಬೇಸ್ ಗಿಟಾರಿನವ ಒಬ್ಬ ಇದ್ದಾನೆ ಅಂತ ನನಗೆ ಗೊತ್ತಾದ್ದು” ಎಂದಿದ್ದ ಜೋಯ್.

ನನ್ನ ಯಜಮಾನರು ಪೇಪರ್ ಮಡಚಿ ಎದ್ದು, “ಇದನ್ನು ಪಂಚಾಯಿತಿ ಮೀಟಿಂಗಿಗೆ ಕೊಂಡುಹೋಗಿ, ಅಲ್ಲಿಯಾದರೂ ತೀರ್ಮಾನ ಆದೀತು” ಎಂದು ಒಳಗೆ ಹೋದರು.

ಸತ್ಸಂಗ, ಸಾರು, ಸೊಸೆಯರು ಎಂದು ಬರೆಯುವ ಹೆಂಗಸಿಗೆ ಈ ಗಲಾಟೆಯಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಹೇಳುತ್ತೇನೆ.

ಪಂಜಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮದೊಂದು ಸಣ್ಣ ಭಜನಾ ಮಂದಿರ ಉಂಟು. ಒಂದೇ ಕೋಣೆ, ಹಂಚಿನ ಮಾಡು, ಕರೆಂಟಿಲ್ಲ. ಪ್ರತಿ ಶುಕ್ರವಾರ ಸಂಜೆ ಒಂದು ಗಂಟೆ ನಾವು ಒಂಬತ್ತು ಹೆಂಗಸರು ಅಲ್ಲಿ ಭಜನೆ ಮಾಡುತ್ತಿದ್ದೆವು. ವಾರದ ಉಳಿದ ಗಂಟೆಗಳ ಬಗ್ಗೆ ನನಗೆ ದೂರಿಲ್ಲ. ಒಲೆ ಉರಿಯುತ್ತದೆ, ಮಕ್ಕಳು ಆರೋಗ್ಯವಾಗಿದ್ದಾರೆ, ದೇವರು ನಡೆಸುತ್ತಾನೆ. ಆದರೆ ಆ ಒಂದು ಗಂಟೆಯಲ್ಲಿ ನನ್ನ ಹತ್ತಿರ ಯಾರೂ ಚಾ ಕೇಳುವುದಿಲ್ಲ. ಅದು ಸಣ್ಣ ವಿಷಯವೇ?

ಹಾಡು ಎತ್ತಿಕೊಡುತ್ತಿದ್ದವರು ಕಮಲಕ್ಕ. ಅವರು ಒಂದು ಸಾಲು ಹಾಡಬೇಕು, ಉಳಿದ ಎಂಟು ಮಂದಿ ಅದನ್ನೇ ಹಾಡಬೇಕು. ಹದಿನೈದು ವರ್ಷದಿಂದ ಹಾಗೆಯೇ. ನೋಡಲು ಗುಬ್ಬಿಯಂತಹ ಹೆಂಗಸು. ಸ್ವರ ಮಾತ್ರ ಬಸ್‌ಸ್ಟ್ಯಾಂಡಿಗೆ ಕೇಳಬೇಕು. ಆ ಎತ್ತರದ ಶ್ರುತಿಯಲ್ಲಿ ಅವರು ದೇವರನ್ನು ಕರೆದರೆ, ದೇವರು ಯಾವ ಕೆಲಸದಲ್ಲಿದ್ದರೂ ತಿರುಗಿ ನೋಡಿಯಾನು ಎಂದು ನಮಗೆಲ್ಲ ನಂಬಿಕೆ.

ಕಮಲಕ್ಕ ಹೋದ ತಿಂಗಳು ತೀರಿಕೊಂಡರು. ಎರಡು ದಿನದ ಜ್ವರ, ಅಷ್ಟೇ.

ಆಮೇಲೆ ಎರಡು ಶುಕ್ರವಾರ ನಾವು ಎಂಟು ಮಂದಿ ದೀಪ ಹಚ್ಚಿ, ಮುಖಮುಖ ನೋಡಿ, ಪ್ರಸಾದ ಹಂಚಿಕೊಂಡು ಮನೆಗೆ ಬಂದೆವು. ಎತ್ತಿಕೊಡುವವರು ಇಲ್ಲದೆ ಹಿಂದಿನಿಂದ ಹಾಡುವುದು ಹೇಗೆ?

ಆಗ ನನಗೊಂದು ಉಪಾಯ ಹೊಳೆಯಿತು. (ನನ್ನ ಉಪಾಯಗಳ ಬಗ್ಗೆ ಈ ಅಂಕಣದ ಓದುಗರಿಗೆ ಗೊತ್ತುಂಟು.) ಹಿಂದಿನ ವರ್ಷ ಸುಧಾಕರ ಹೊಸ ಮೈಕ್ ಪರೀಕ್ಷೆ ಮಾಡಲು ನಮ್ಮ ಭಜನೆಯನ್ನು ಬ್ಯಾಂಡಿನ ಒಂದು ಹಳೆಯ ಕ್ಯಾಸೆಟ್‌ನ ಮೇಲೆಯೇ ಟೇಪ್ ಮಾಡಿದ್ದ. ಕಮಲಕ್ಕನ ಸ್ವರ ಕ್ಯಾಸೆಟ್‌ನಲ್ಲಿ ಇರುವಾಗ ಚಿಂತೆ ಯಾಕೆ? ಮೂರನೆಯ ಶುಕ್ರವಾರ ದೇವರ ಪಟದ ಕೆಳಗೆ, ಕಮಲಕ್ಕ ಕೂರುತ್ತಿದ್ದ ಮಣೆಯ ಮೇಲೆ ಟೇಪ್‌ರೆಕಾರ್ಡರ್ ಇಟ್ಟೆವು. ಕರೆಂಟಿಲ್ಲವಲ್ಲ, ಸೆಲ್ ಸುಧಾಕರ ಹಾಕಿಕೊಟ್ಟಿದ್ದ. ಒಬ್ಬರು ಅದಕ್ಕೂ ಒಂದು ಹೂ ಇಟ್ಟರು. ಭಜನೆ ಮುಗಿದ ಜಾಗದಲ್ಲಿ ಆ ಬ್ಯಾಂಡು ಎದ್ದು ಬಂದೀತು ಎಂಬ ಹೆದರಿಕೆಯಿಂದ ನಾನು ಬಟನ್ ಮೇಲೆ ಬೆರಳಿಟ್ಟೇ ಕುಳಿತಿದ್ದೆ.

ಕಮಲಕ್ಕ ಹಾಡಿದರು. ನಾವು ಹಾಡಿದೆವು. ಟೇಪಿನೊಳಗಿನ ನಾವೂ ಹಾಡಿದೆವು. ಮೊದಲ ಹಾಡು ಚೆನ್ನಾಗಿಯೇ ಹೋಯಿತು. ಕಣ್ಣು ಒದ್ದೆಯಾಯಿತು.

ಎರಡನೆಯ ಹಾಡಿನ ಅರ್ಧದಲ್ಲಿ ಸೆಲ್ ಇಳಿಯತೊಡಗಿತು.

ಕಮಲಕ್ಕನ ಸ್ವರ ಎಳೆಯಿತು. ದಪ್ಪವಾಯಿತು. ಗಂಡಸಿನ ಸ್ವರವಾಯಿತು. ಆಮೇಲೆ ಯಾರದ್ದೂ ಅಲ್ಲದ ಸ್ವರವಾಗಿ, ದೇವರ ಹೆಸರಿನ ನಡುವೆಯೇ ನಿಂತುಹೋಯಿತು. ಉಳಿದ ಅರ್ಧವನ್ನು ನಾವು ಯಾರೂ ಹಾಡಲಿಲ್ಲ. ನನ್ನ ಪಕ್ಕದಲ್ಲಿ ಕೂರುವ ದೇವಕಿಯಕ್ಕ ತಾಳ ಕೆಳಗಿಟ್ಟರು. ನಮ್ಮಲ್ಲಿ ಹಿರಿಯರು ಅವರು. ಅವರ ಮಾತಿಗೆ ಎದುರಿಲ್ಲ.

“ಸಾಕು ಮಾರಾಯ್ತಿ. ಹೋದವರನ್ನು ಹೋಗಲಿಕ್ಕೆ ಬಿಡುವ” ಎಂದರು. “ಮುಂದಿನ ಶುಕ್ರವಾರ ದೀಪ, ತಾಳ ಎಲ್ಲ ದೇವಸ್ಥಾನಕ್ಕೆ ಒಪ್ಪಿಸಿ ಬೀಗ ಹಾಕುವ. ಕಮಲಕ್ಕನ ಭಜನೆ ಕಮಲಕ್ಕನ ಒಟ್ಟಿಗೇ ಹೋಯ್ತು.”

ಯಾರೂ ಬೇಡ ಎನ್ನಲಿಲ್ಲ. ನಾನೂ ಎನ್ನಲಿಲ್ಲ. ನನ್ನ ಒಂದು ಗಂಟೆ ಅಲ್ಲಿಗೆ ಮುಗಿಯಿತು ಎಂದುಕೊಂಡು ಟೇಪ್‌ರೆಕಾರ್ಡರ್ ಸೆರಗಿನಲ್ಲಿ ಮುಚ್ಚಿ ಮನೆಗೆ ತಂದೆ.

ಜಗಲಿಯಲ್ಲಿ ಇಬ್ಬರೂ ಇದ್ದರು. ನಡೆದದ್ದು ಹೇಳಿದೆ. ಸುಧಾಕರನ ಮುಖ ಸಣ್ಣದಾಯಿತು. ಹಳೆಯ ಸೆಲ್ ಹಾಕಿಕೊಟ್ಟದ್ದು ಅವನೇ.

“ಇದನ್ನೇ ನಾನು ಹೇಳುದು. ಕ್ಯಾಸೆಟ್‌ಗೆ ಉಸಿರಿಲ್ಲ” ಎಂದ ಜೋಯ್.

“ಸೆಲ್ ವೀಕ್ ಆದದ್ದಕ್ಕೆ ಇಷ್ಟು ದೊಡ್ಡ ವೇದಾಂತ ಬೇಡ.”

“ವೇದಾಂತ ಎಂತ ಬಂತು? ನಿನ್ನ ಲೆಕ್ಕದಲ್ಲಿ ಆ ಮೂರು ಜನ ಎಂತ ಮಾಡಬೇಕಿತ್ತು? ಗಿಟಾರ್ ಮಾರಿ ಕೋಳಿ ಸಾಕಬೇಕಿತ್ತಾ?”

“ಸಾಕಿದ್ರೆ ಮರ್ಯಾದೆ ಉಳಿತಿತ್ತು.”

ಮತ್ತೆ ಅದೇ. ನಾನು ಅಡಿಗೆಮನೆಗೆ ಹೋಗಿ ಅಕ್ಕಿ ತೊಳೆಯತೊಡಗಿದೆ. ನೀರು ಮೂರು ಸಲ ಬದಲಿಸಿದೆ, ನಾಲ್ಕನೆಯ ಸಲವೂ ಬದಲಿಸಿದೆ. ಆಮೇಲೆ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತು ಕೇಳಿದೆ. “ಜೋಯ್, ಹಳೆಯವನ ಹಾಡು ಬಂದಾಗ ಹೊಸಬ ಹೇಗೆ ಹಾಡುದು? ಅವನ ಹಾಗೆಯೇ ಹಾಡ್ತಾನಾ?”

ಇಬ್ಬರೂ ನನ್ನನ್ನು ನೋಡಿದರು. “ಅತ್ತಿಗೆ, ನೀವು ಸಹ ಶುರು ಮಾಡಿದ್ರಾ?” ಎಂದ ಸುಧಾಕರ.

ಜೋಯ್ ಮಾತ್ರ ನಗಲಿಲ್ಲ. (ಅವನಿಗೆ ನಾನು ಚೇಚಿ, ಮಲಯಾಳದಲ್ಲಿ ಅಕ್ಕ ಎಂದು.) “ಇಲ್ಲ ಚೇಚಿ. ಅವನ ಹಾಗೆ ಹಾಡಲಿಕ್ಕೆ ಹೋದ್ರೆ ಇವ ಸೋತ ಹಾಗೆ. ತನ್ನ ಸ್ವರದಲ್ಲಿ ಹಾಡ್ತಾನೆ, ಬೇಕಾದ್ರೆ ಕೇಳಿ ಅಂತ. ಒಂದು ಹಾಡು ಮಾತ್ರ ಉಂಟು, ಅದು ಸತ್ತವನದ್ದೇ ಅಂತ ಎಲ್ಲರಿಗೂ ಗೊತ್ತು. ಅದನ್ನು ಇವ ಹಾಡುದಿಲ್ಲ.”

“ಹಾಗಾದ್ರೆ ಅದನ್ನು ಬಿಟ್ಟೇಬಿಟ್ರಾ?”

“ಬಿಡ್ಲಿಲ್ಲ. ಕೂತುಕೊಳ್ಳಿ, ಕೇಳಿಸ್ತೇನೆ.”

ಸ್ಟೇಜ್ ಶೋದ ಕ್ಯಾಸೆಟ್ ಅದು. ನಾನು ಹೊಸ್ತಿಲ ಮೇಲೆ ಕುಳಿತೆ. ಡ್ರಮ್ಮು, ಗಿಟಾರು, ಅದೇ ಪಾತ್ರೆಗಳು. ಹಾಡು ಶುರುವಾಗಬೇಕಾದ ಜಾಗದಲ್ಲಿ ಒಮ್ಮೆಗೇ ಎಲ್ಲ ನಿಂತಿತು. ಹಾಡುಗಾರ ಸುಮ್ಮನಿದ್ದ. ಎದುರು ನಿಂತ ಜನರೇ ಹಾಡಿದರು. ಎಷ್ಟು ಸಾವಿರವೋ. ಕೆಲವರು ಮುಂದೆ, ಕೆಲವರು ಹಿಂದೆ, ಅರ್ಧಕ್ಕರ್ಧ ಅಪಶ್ರುತಿ. ದೇವರಾಣೆ, ಒಂದು ಶಬ್ದವೂ ನನಗೆ ತಿಳಿಯಲಿಲ್ಲ. ಆದರೆ ಹೋದವನೊಬ್ಬನನ್ನು ಪ್ರೀತಿಯಿಂದ ಕರೆಯುವುದು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ.

“ಇದೊಂದು ಚೆಂದ ಉಂಟು” ಎಂದ ಸುಧಾಕರ, ನೆಲ ನೋಡುತ್ತಾ. “ಇದೊಂದು ಮಾತ್ರ.”

ಗುರುವಾರ ನಾನು ದೇವಕಿಯಕ್ಕನ ಮನೆಗೆ ಹೋದೆ. ಅವರನ್ನು ನೋಡಲಿಕ್ಕಲ್ಲ, ಅವರ ಸೊಸೆ ಶಶಿಕಲಾಳನ್ನು. ಸುಳ್ಯದ ಕಡೆಯ ಹುಡುಗಿ, ಮದುವೆಯಾಗಿ ಎರಡು ವರ್ಷ. ಅವಳದ್ದು ದಪ್ಪ ಸ್ವರ, ಕೆಳಗಿನ ಶ್ರುತಿ. ಭಜನೆಗೆ ಬಂದ ಮೊದಲ ದಿನವೇ ಕಮಲಕ್ಕ ಪ್ರೀತಿಯಿಂದಲೇ, “ನೀನು ತಾಳ ಹಾಕು ಮಗಾ” ಎಂದಿದ್ದರು. ಅಂದಿನಿಂದ ತಾಳ ಹಾಕಿದ್ದೇ ಹಾಕಿದ್ದು. ಹಾಡುಗಳೆಲ್ಲ ಬಾಯಿಪಾಠ ಉಂಟು ಎಂದು ನನಗೆ ಗೊತ್ತಿತ್ತು. ಬಾವಿಕಟ್ಟೆಯಲ್ಲಿ ಗುನುಗುವುದು ಕೇಳಿದ್ದೆ.

“ನಾಳೆ ಇವಳು ಎತ್ತಿಕೊಡಲಿ” ಎಂದೆ.

ದೇವಕಿಯಕ್ಕ ನಕ್ಕೇಬಿಟ್ಟರು. “ಇವಳಾ? ಇವಳು ಹಾಡಿದ್ರೆ ಹಟ್ಟಿಯ ಎಮ್ಮೆ ಉತ್ತರ ಕೊಡ್ತದೆ.”

“ಎಮ್ಮೆಯಾದರೂ ಕೊಡ್ತದಲ್ಲ ಅತ್ತೆ” ಎಂದಳು ಶಶಿಕಲಾ, ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸದೆ. “ಹೋದ ವಾರ ನಮ್ಮ ಎಂಟು ಮಂದಿಯಲ್ಲಿ ಯಾರೂ ಕೊಡ್ಲಿಲ್ಲ.”

ಅತ್ತೆ ಸೊಸೆಯ ಕಡೆ ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. “ತಾಳ ಒಪ್ಪಿಸ್ಲಿಕ್ಕೆ ಹೇಗೂ ಬರ್ತೀರಿ. ಒಪ್ಪಿಸುವ ಮೊದಲು ಒಂದೇ ಒಂದು ಸಲ.”

“ಕಮಲಕ್ಕನ ಹಾಗೆ ನನಗೆ ಬರುದಿಲ್ಲ ಅಕ್ಕ” ಎಂದಳು ಶಶಿಕಲಾ. ಈಗ ಅವಳ ಸ್ವರದಲ್ಲಿ ತಮಾಷೆ ಇರಲಿಲ್ಲ.

“ಅವರ ಹಾಗೆ ಬೇಡ. ನಿನ್ನ ಹಾಗೆ.” (ಈ ಮಾತು ಎಲ್ಲಿಂದ ಎರವಲು ತಂದದ್ದೆಂದು ನಾನು ಹೇಳಲಿಲ್ಲ. ಹೇಳಿದ್ದರೆ ದೇವಕಿಯಕ್ಕ ಅವತ್ತೇ ಬೀಗ ಹಾಕುತ್ತಿದ್ದರು.)

ಶುಕ್ರವಾರ ಬಂತು. ದೀಪ ಹಚ್ಚಿದೆವು. ತಾಳಗಳನ್ನು ಕಟ್ಟಿ ಒಯ್ಯಲು ಒಂದು ಚೀಲವೂ ಮೂಲೆಯಲ್ಲಿ ತಯಾರಾಗಿತ್ತು.

ಶಶಿಕಲಾ ಕಣ್ಣು ಮುಚ್ಚಿ ಮೊದಲ ಸಾಲು ಹಾಡಿದಳು. ಕೆಳಗೆ, ಎಷ್ಟೋ ಕೆಳಗೆ. ಹಾಡು ನೆಲದಿಂದ ಎದ್ದುಬಂದ ಹಾಗೆ. ನಮಗೆ ಹಾಡಲು ಬಿಟ್ಟ ಜಾಗದಲ್ಲಿ ಯಾರೂ ಹಾಡಲಿಲ್ಲ. ಅವಳ ತಾಳ ಮಾತ್ರ ಒಂದೇ ಕೇಳಿತು. ಅದೇ ಸಾಲನ್ನು ಅವಳು ಮತ್ತೊಮ್ಮೆ ಹಾಡಿದಳು.

ಆಗ ನನ್ನ ಪಕ್ಕದಿಂದ ಒಂದು ಸ್ವರ ಬಂತು. ಸ್ವಲ್ಪ ಒಡಕು, ಆದರೆ ತುಂಬಿದ ಸ್ವರ. ಯಾರಪ್ಪಾ ಎಂದು ತಿರುಗಿದೆ. ದೇವಕಿಯಕ್ಕ. ಇಷ್ಟು ವರ್ಷ ಪಕ್ಕದಲ್ಲೇ ಕುಳಿತು ನಾನು ಅವರ ಹಾಡು ಕೇಳಿರಲಿಲ್ಲ. ಆಮೇಲೆ ಎದುರಿನವರು. ಆಮೇಲೆ ನಾನು. ಎರಡನೆಯ ಹಾಡಿಗೆ ಬರುವಾಗ ಎಂಟು ಸ್ವರಗಳೂ ಬೇರೆಬೇರೆಯಾಗಿ ಕೇಳುತ್ತಿದ್ದವು.

ಕೊನೆಯ ಮಂಗಳ ಕಮಲಕ್ಕನದ್ದು. ಅದನ್ನು ಶಶಿಕಲಾ ಎತ್ತಲಿಲ್ಲ. ಹಾಗೆಂದು ಮೊದಲೇ ಮಾತಾಗಿತ್ತು. ಯಾರೂ ಎತ್ತದೆ, ಎಲ್ಲರೂ ಒಟ್ಟಿಗೆ ಹಾಡಿದೆವು. ಶುರುವಿನಲ್ಲಿ ಒಬ್ಬರು ಅತ್ತ, ಒಬ್ಬರು ಇತ್ತ. ಮೂರನೆಯ ಸಾಲಿಗೆ ಒಂದಾಯಿತು. ಇಬ್ಬರು ಅಳುತ್ತಾ ಹಾಡಿದರು, ಆದರೆ ಹಾಡು ನಿಲ್ಲಲಿಲ್ಲ.

ಪ್ರಸಾದ ಹಂಚುವಾಗ ದೇವಕಿಯಕ್ಕ ಸೊಸೆಯ ಮುಖ ನೋಡದೆ ಹೇಳಿದರು. “ಒಂದು ವಿಷಯ ಹೇಳ್ತೇನೆ, ಯಾರೂ ನಗಬಾರದು. ಹದಿನೈದು ವರ್ಷ ನಾನು ಬಾಯಿ ಮಾತ್ರ ಆಡಿಸಿದ್ದು. ಆ ಎತ್ತರಕ್ಕೆ ನನ್ನ ಸ್ವರ ಹೋಗುದೇ ಇಲ್ಲ.”

ಆಮೇಲೆ ಮೂಲೆಯಿಂದ ಒಬ್ಬರು “ನಾನೂ” ಎಂದರು. ಕಿಟಕಿಯ ಹತ್ತಿರದಿಂದ ಇನ್ನೊಬ್ಬರು “ನಾನು ಸಹ” ಎಂದರು. ಹೀಗೆ ಲೆಕ್ಕ ಹಾಕಿದರೆ ಎಂಟರಲ್ಲಿ ಆರು ಮಂದಿ. (ಆರರಲ್ಲಿ ಒಬ್ಬಳು ನಾನು. ಒಪ್ಪಿಕೊಳ್ಳಲು ನಾಚಿಕೆಯಿಲ್ಲ.) ಯಾರೂ ನಗಬಾರದು ಎಂದ ದೇವಕಿಯಕ್ಕನೇ ಮೊದಲು ನಕ್ಕರು. ಚೀಲದಲ್ಲಿ ತಾಳದ ಬದಲು ಉಳಿದ ಬಾಳೆಹಣ್ಣು ತುಂಬಿಸಿ ಮನೆಗೆ ಹೋದರು.

ಜಗಲಿಯ ವಾದ ಇನ್ನೂ ಮುಗಿದಿಲ್ಲ. ನನಗನಿಸುವುದು, ಸುಧಾಕರ ಹೇಳುವುದೂ ಸರಿ. ಮೊದಲಿನವನಂತಹವನು ಇನ್ನೊಬ್ಬ ಬರುವುದಿಲ್ಲ. ಕಮಲಕ್ಕನಂತಹವರೂ ಬರುವುದಿಲ್ಲ. ಅವರು ಎತ್ತರದಲ್ಲಿ ಇಟ್ಟ ಹಾಡನ್ನೇ ನಾವೀಗ ಕೈಗೆ ಸಿಗುವಲ್ಲಿಗೆ ಇಳಿಸಿಕೊಂಡಿದ್ದೇವೆ, ಅಷ್ಟೇ. ಅವರು ಕಲಿಸದಿದ್ದರೆ ಇಳಿಸಿಕೊಳ್ಳಲು ಹಾಡಾದರೂ ಎಲ್ಲಿತ್ತು? ಈ ಶುಕ್ರವಾರ ಹೊಸಬರು ಇಬ್ಬರು ಬರುತ್ತೇವೆ ಎಂದಿದ್ದಾರೆ. ದೇವರು ದೊಡ್ಡವ.

ಒಂದೇ ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತದೆ. “ಕಮಲಕ್ಕಾ, ಸ್ವಲ್ಪ ಇಳಿಸಿ ಹಾಡ್ತೀರಾ?” ಎಂದು ಹದಿನೈದು ವರ್ಷದಲ್ಲಿ ನಮ್ಮಲ್ಲಿ ಒಬ್ಬಳಾದರೂ ಕೇಳಿದ್ದರೆ, ಆ ಪುಣ್ಯಾತ್ಗಿತ್ತಿ ಇಲ್ಲ ಎನ್ನುತ್ತಿದ್ದರೇ?