ಸಮಾಧಿ ಕಲ್ಲಿನ ವ್ಯಾಕರಣ

“ಮಾಸ್ಟ್ರೇ, ನನ್ನ ಗಂಡ ಸುಳ್ಳು ಹೇಳಿದ್ದನ್ನು ನೀವು ಯಾವತ್ತಾದರೂ ಕೇಳಿದ್ದುಂಟಾ?”

ಹೋದ ತಿಂಗಳು ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ನನ್ನನ್ನು ಹೀಗೆ ಕೇಳಿದವರು ಕಾರ್ಮಿನ್ ಬಾಯಿ. ಅವರ ಗಂಡ ಪೇದ್ರು ಪೊರ್ಬುಗಳು ಬಂಟ್ವಾಳ ಪೇಟೆಯಲ್ಲಿ ಅಡಿಕೆ ತೂಗುತ್ತಿದ್ದವರು. ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

“ಇಲ್ಲ ಬಾಯಿ. ಏನಾಯಿತು?”

“ಮತ್ತೆ ಕಲ್ಲಿನ ಮೇಲೆ ಇಂಗ್ಲಿಷಿನಲ್ಲಿ ಹಾಗೆ ಯಾಕೆ ಬರೆಯುವುದು?”

ಅಯ್ಯೋ ದೇವರೇ, ಇದೂ ಇಂಗ್ಲಿಷೇ!

ನನ್ನ ಪಾಡು ನಿಮಗೆ ಗೊತ್ತೇ ಇದೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನು. ಬ್ರಿಟಿಷರು ಹೋಗುವಾಗ ದೇಶವನ್ನು ದಿಲ್ಲಿಯವರಿಗೂ ಗ್ರಾಮರನ್ನು ನನಗೂ ಒಪ್ಪಿಸಿ ಹೋದ ಹಾಗಿದೆ. ಕ್ಷೌರದಂಗಡಿಯಲ್ಲಿ ಮುಖಕ್ಕೆ ಸೋಪು ಹಚ್ಚಿಸಿಕೊಂಡಿರುವಾಗ ಕೇಳುತ್ತಾರೆ: ಶಲ್ಲೋ, ವಿಲ್ಲೋ? ಮದುವೆಯೂಟಕ್ಕೆ ಕೂತಾಗ: ಸಿನ್ಸೋ, ಫಾರೋ? (ಸಾರು ಬಡಿಸುವವ ಅಷ್ಟು ಹೊತ್ತು ಕಾಯುತ್ತಾನೆಯೆ?) ಬೆಳ್ತಂಗಡಿಯ ಒಬ್ಬರಂತೂ ಅಂಗಡಿಯ ಬೋರ್ಡಿನಲ್ಲಿ ಅಪಾಸ್ಟ್ರಫಿ ಎಲ್ಲಿಡಬೇಕೆಂದು ಕೇಳುವುದಕ್ಕೇ ಬಸ್ಸು ಹತ್ತಿ ಬಂದಿದ್ದರು. ನಿಜಕ್ಕೂ ಸುಸ್ತಾಗಿದೆ.

ಬಾಯಿಯವರ ಕಥೆ ಇಷ್ಟು. ಬೊಂಬಾಯಿಯಲ್ಲಿರುವ ಮಗನಿಗೆ ಅಪ್ಪನ ಸಮಾಧಿಯ ಮೇಲೆ ಇಂಗ್ಲಿಷೇ ಬೇಕು, ಪೇದ್ರು ಕೂಡ ಪೀಟರ್ ಆಗಬೇಕು. ‘ಹಿಯರ್ ಲೈಸ್ ಪೀಟರ್’ ಎಂದು ಕೆತ್ತಲು ಮೂಡಬಿದಿರೆಯ ಕಲ್ಲುಕುಟಿಗನಿಗೆ ಹೇಳಿಯಾಗಿತ್ತು. ಅಷ್ಟರಲ್ಲಿ ಚರ್ಚಿನ ಅಂಗಳದಲ್ಲಿ ಯಾರೋ, ‘ಲೈ’ ಎಂದರೆ ಸುಳ್ಳು ಹೇಳುವುದು ಎಂದುಬಿಟ್ಟರು. ಬಾಯಿ ಓಡಿಹೋಗಿ ಕೆಲಸ ನಿಲ್ಲಿಸಿದರು. ‘ಹಿಯರ್’ ಆಗಲೇ ಕೆತ್ತಿ ಮುಗಿದಿತ್ತು.

“ಮೈದುನ ‘ಲೇಸ್’ ಹಾಕುವ ಅಂತ ಹೇಳ್ತಾನೆ. ಆದೀತಾ ಮಾಸ್ಟ್ರೇ?”

“ಬೇಡ ಬಾಯಿ. ಅದು ಕೋಳಿ ಮೊಟ್ಟೆ ಇಡುವುದಕ್ಕೆ.”

ನಕ್ಕಾರು ಎಂದುಕೊಂಡೆ. ಅತ್ತೇ ಬಿಟ್ಟರು, ಬಸ್ ಸ್ಟ್ಯಾಂಡಿನ ನಡುವೆ.

ಲೈ ಎಂದರೆ ಮಲಗುವುದು ಎಂದೂ ಅರ್ಥ, ಸಮಾಧಿಯ ಮೇಲೆ ಹಾಗೆ ಬರೆಯುವುದೇ ರೂಢಿ ಎಂದು ವಿವರಿಸಿದೆ. ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಪ್ರಯೋಜನವೂ ಇರಲಿಲ್ಲ.

“ನಿಮಗೆ ಗೊತ್ತುಂಟು. ಕಲ್ಲು ಓದಿದವರಿಗೆಲ್ಲ ನೀವು ಅಲ್ಲಿ ನಿಂತು ಹೇಳ್ತೀರಾ? ತೂಕದಲ್ಲಿ ಒಂದು ಅಡಿಕೆ ಆಚೆ ಈಚೆ ಮಾಡಿದವರಲ್ಲ ಅವರು. ಈಗ ಊರವರು ಕಲ್ಲು ನೋಡಿ ನಗಬೇಕಾ?”

ಬಸ್ಸು ಬಂತು. ಬಿಟ್ಟೆ.

“‘ಹಿಯರ್ ರೆಸ್ಟ್ಸ್’ ಅಂತ ಹಾಕಿಸಿ ಬಾಯಿ. ಇಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾರೆ ಅಂತ ಅರ್ಥ. ಬೇರೆ ಅರ್ಥ ಮಾಡಲು ಯಾರಿಗೂ ಆಗುವುದಿಲ್ಲ.”

ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

“ಬದುಕಿದ್ದಾಗ ಎಲ್ಲಿ ತಕ್ಕೊಂಡರು ಮಾಸ್ಟ್ರೇ? ಜ್ವರ ಬಂದರೂ ತಕ್ಕಡಿ ಬಿಟ್ಟವರಲ್ಲ. ಹಾಗೇ ಹಾಕಿಸ್ತೇನೆ. ಇನ್ನಾದರೂ ತಕ್ಕೊಳ್ಳಲಿ.”

ಮೊನ್ನೆ ಆದಿತ್ಯವಾರ ಕಲ್ಲು ನಿಲ್ಲಿಸಿದರು. ಕರೆದಿದ್ದರು, ಹೋಗಿದ್ದೆ. ಅಕ್ಷರ ಚೆನ್ನಾಗಿ ಬಂದಿತ್ತು. ಪ್ರಾರ್ಥನೆ ಮುಗಿದು ಜನ ಚದುರುವಾಗ ಆ ಮೈದುನ ಮೆಲ್ಲಗೆ ನನ್ನ ಪಕ್ಕಕ್ಕೆ ಬಂದ.

“ಒಂದು ಡೌಟು ಮಾಸ್ಟ್ರೇ. ತೀರಿಹೋದವರಿಗೆ ಪಾಸ್ಟ್ ಟೆನ್ಸ್ ಅಲ್ವಾ? ‘ರೆಸ್ಟೆಡ್’ ಅಂತ ಆಗಬೇಕಿತ್ತಲ್ಲ?”

ನಾನು ತಿರುಗಿ ನೋಡಿದೆ. ಅತ್ತ ಕಾರ್ಮಿನ್ ಬಾಯಿ ಕಲ್ಲಿನ ಪಕ್ಕದಲ್ಲಿ ಕೂತು, ಮನೆಯ ದನ ಕರು ಹಾಕಿದ ಸುದ್ದಿಯನ್ನು ಕೊಂಕಣಿಯಲ್ಲಿ ಗಂಡನಿಗೆ ಹೇಳುತ್ತಿದ್ದರು.

ನೀವೇ ಹೇಳಿ, ಅದು ಯಾವ ಟೆನ್ಸು?