ಆ ಅಳುವ ಮುಖ ಕತ್ತರಿಸಿದವಳು ನಾನು

ಈಗ ನಮ್ಮ ಕಡೆಯವರ ಯಾವ ಗೇಮ್ ಲೈವ್ ನೋಡಲು ಹೋದರೂ ಚಾಟಿನಲ್ಲಿ ಒಬ್ಬ ಹುಡುಗಿಯ ಅಳುವ ಮುಖ ಸಾಲುಸಾಲಾಗಿ ಬೀಳುತ್ತದೆ. ಹೊಸಬರು ಕೇಳುತ್ತಾರೆ, "ಇದರ ಅರ್ಥ ಏನ್ರಿ?" ಹಳಬರು ಹೇಳುತ್ತಾರೆ, "ಸೋತ್ರ ಹಾಕೂದ್ರಿ. ಯಾರೋ ಒಬ್ಬಾಕಿ ಮ್ಯಾಚ್ ಸೋತು ಅತ್ತಿದ್ಲು, ಅವಾಗಿಂದು." ಅದು ಸುಳ್ಳು. ಆ ಎಮೋಟ್, ಅಂದರೆ ಚಾಟಿನಲ್ಲಿ ಹಾಕುವ ಆ ಪುಟ್ಟ ಚಿತ್ರ, ಮಾಡಿದವಳು ನಾನು. ಅವಳು ಯಾಕೆ ಅತ್ತಳೆಂದು ನನಗೆ ಗೊತ್ತು.

ಅವಳು ನನ್ನ ಗೆಳತಿ. ಅವಳದು ತೊರಗಲ್, ನನ್ನದು ಬೈಲಹೊಂಗಲ. ಕಾಲೇಜಿನ ಮೂರು ವರ್ಷ ಒಂದೇ ಹಾಸ್ಟೆಲ್ ರೂಮು, ಒಂದೇ ಡಬ್ಬಿಯ ಶೇಂಗಾ ಚಟ್ನಿ. ಆಮೇಲೆ ಅವಳು ಮೊಬೈಲಿನಲ್ಲಿ ಆಟ ಆಡುತ್ತ ಲೈವ್ ಬರತೊಡಗಿದಳು. ನಾನು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಕೆಲಸಕ್ಕೆ ಸೇರಿದೆ. ದಿನವಿಡೀ ಹುಟ್ಟುಹಬ್ಬದವರ, ತೀರಿಕೊಂಡವರ ಮುಖಗಳನ್ನು ಫೋಟೊದಿಂದ ಕತ್ತರಿಸಿ ಬ್ಯಾನರಿಗೆ ಕೂಡಿಸುವ ಕೆಲಸ. ಹಾಗಾಗಿ ಅವಳ ಚಾನೆಲ್ಲಿನ ಉಸಾಬರಿಯೂ ನನ್ನ ಪಾಲಿಗೇ ಬಂತು.

ಒಂದು ಮಧ್ಯಾಹ್ನ ಲೈವಿಗೆ ಮುಂಚೆ ಫೋನ್ ಮಾಡಿದಳು. ಮದುವೆ ಮಾತಾಗಿದ್ದ ಸವದತ್ತಿಯ ಹುಡುಗ ಒಲ್ಲೆ ಅಂದಿದ್ದ. "ಲೈವ್ ಬರೂ ಹುಡುಗಿ ಬ್ಯಾಡ ಅಂದ್ರಂತ ಅವರ ಮನ್ಯಾಗ. ಅವ್ವಗೂ ಇನ್ನೂ ಹೇಳಿಲ್ಲಲೇ, ನಿನಗಷ್ಟ ಹೇಳೇನಿ."

ಇವತ್ತು ಬಿಡು ಅಂದರೂ ಕೇಳದೆ ಲೈವ್ ಬಂದಳು. ಸೋತಳು. ಬಿಕ್ಕಿಬಿಕ್ಕಿ ಅತ್ತಳು. ಆಟಕ್ಕೇ ಅಳುತ್ತಾಳೆಂದು ಚಾಟಿನವರೆಲ್ಲ ನಕ್ಕರು. ನಾನು ಮಾಡಿದ್ದೇನು? ಸ್ಕ್ರೀನ್‌ಶಾಟ್ ತೆಗೆದೆ, ಕೂದಲಿನ ಅಂಚು ಸವರಿದೆ, ಕಣ್ಣೀರು ಎದ್ದು ಕಾಣಲೆಂದು ಸ್ವಲ್ಪ ಹೊಳಪು ಕೊಟ್ಟೆ, ಎಮೋಟ್ ಮಾಡಿ ಅವಳ ಚಾನೆಲ್ಲಿಗೆ ಹಾಕಿದೆ. ನಗುತ್ತ ಹಗುರಾಗಲಿ ಅಂತ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಖರೆ ಹೇಳಬೇಕೆಂದರೆ ನನ್ನ ಕೈಚಳಕ ನಾಲ್ಕು ಮಂದಿ ನೋಡಲಿ ಅನ್ನುವ ಹುಚ್ಚು, ಅಷ್ಟೇ.

ಮೊದಲ ದಿನ ಅವಳೂ ನಕ್ಕಳು. ವಾರದ ಮೇಲೆ, "ಅದನ್ನ ತಗದಬಿಡ" ಅಂದಳು.

"ಇರಲಿ ಬಿಡಲೇ, ಮಂದೀಗೆ ಎಷ್ಟ ಸೇರೇತಿ ನೋಡ" ಅಂದೆ.

ತಿಂಗಳಾದ ಮೇಲೆ ಮತ್ತೆ ಫೋನ್ ಬಂತು. "ನಾ ಯಾಕ ಅತ್ತೆ ಅಂತ ನಿನಗ ಗೊತ್ತಿತ್ತಲ್ಲ?" ಅವತ್ತೇ ತೆಗೆದುಹಾಕಿದೆ. ಅಷ್ಟರಲ್ಲಿ ಬೇರೆ ಚಾನೆಲ್ಲಿನವರು ಅದನ್ನು ಇಳಿಸಿಕೊಂಡಾಗಿತ್ತು.

ಜಗಳವೇನೂ ಆಗಲಿಲ್ಲ. ಈಗಲೂ ಫೋನ್ ಎತ್ತುತ್ತಾಳೆ, ಊಟ ಆಯಿತೇ, ಮಳೆ ಬಂತೇ ಎಂದು ಕೇಳುತ್ತಾಳೆ. ಮನಸ್ಸಿನ ಮಾತು ಮಾತ್ರ ಒಂದೂ ಬರುವುದಿಲ್ಲ. ನಾನು ಕೇಳುವ ಮುಖವನ್ನೂ ಉಳಿಸಿಕೊಂಡಿಲ್ಲ.

ಕಳೆದ ತಿಂಗಳು ಅಂಗಡಿಯಲ್ಲಿ ಕುಳಿತು ಅವಳ ಲೈವ್ ನೋಡುತ್ತಿದ್ದೆ. ಆಟ ನಿಲ್ಲಿಸಿ, ನಾಚಿಕೊಂಡು, "ನನ್ನ ಮದವಿ ಗಟ್ಟಿ ಆಗೇತ್ರಿ" ಅಂದಳು. ಎಲ್ಲರ ಜೊತೆ ನನಗೂ ಆಗಲೇ ಗೊತ್ತಾದದ್ದು. ನಾನೂ ಚಾಟಿನಲ್ಲಿ ಶುಭಾಶಯ ಬರೆದೆ. ಹಾರೈಸಿದವರ ಹೆಸರುಗಳನ್ನು ಅವಳು ಒಂದೊಂದಾಗಿ ಓದುತ್ತಿದ್ದಳು. ನನ್ನ ಹೆಸರು ಬಂತು. "ಥ್ಯಾಂಕ್ಯೂ ರೀ" ಅಂದು ಮುಂದಿನ ಹೆಸರು ಓದಿದಳು.